ಮಳೆಗಾಲದಲ್ಲಿ ಕೋವಿಯ ಆರೈಕೆ

ಬೋರ್ಡೋ ಸಿಂಪಡಣೆ ಮುಗಿದ ಸಂಜೆ ಪಂಪನ್ನು ತೊಳೆಯದೆ ಇಟ್ಟರೆ ಏನಾಗುತ್ತದೆಂದು ನಮ್ಮ ಸದಸ್ಯ ಬಂಧುಗಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ವಾಷರು ಹಿಡಿದುಕೊಳ್ಳುತ್ತದೆ, ನೋಸಲಿನ ಕಣ್ಣು ಮುಚ್ಚುತ್ತದೆ, ಮೈಲುತುತ್ತು ತಾಗಿದ ಕಬ್ಬಿಣವೆಲ್ಲ ತಿಂದುಹೋಗುತ್ತದೆ. ಆದ್ದರಿಂದ ಎಷ್ಟೇ ಆಯಾಸವಾಗಿದ್ದರೂ ಎರಡು ಕೊಡ ನೀರು ಹಾಯಿಸಿದ ಮೇಲೆಯೇ ನಾವು ಸ್ನಾನಕ್ಕೆ ಹೋಗುವುದು. ಅದೇ ಮನೆಯ ಒಳಕೋಣೆಯಲ್ಲಿ ಪಂಪಿಗಿಂತ ಎಷ್ಟೋ ಪಾಲು ಬೆಲೆಯುಳ್ಳ, ಕೈತಪ್ಪಿದರೆ ಪ್ರಾಣಕ್ಕೇ ಸಂಚಕಾರ ತರಬಲ್ಲ ಇನ್ನೊಂದು ಸಲಕರಣೆ ಇರುತ್ತದೆ. ಅದರ ನೆನಪು ನಮಗಾಗುವುದು ಮಂಗಗಳ ಹಿಂಡು ಎಳೆ ಅಡಿಕೆಯನ್ನು ಚೀಪಿ ಉದುರಿಸತೊಡಗಿದಾಗ, ಇಲ್ಲವೆ ಬಾಳೆಯ ಬುಡವನ್ನು ಹಂದಿ ಅಗೆದು ಹಾಕಿದ ಬೆಳಗ್ಗೆ.

ಪುತ್ತೂರು, ಸುಳ್ಯ, ಕಡಬ ತಾಲೂಕುಗಳಲ್ಲಿ ಬೆಳೆರಕ್ಷಣೆಗೆಂದು ಲೈಸೆನ್ಸು ಪಡೆದು ಕೋವಿ ಇರಿಸಿಕೊಂಡ ಮನೆಗಳು ಬೇಕಾದಷ್ಟಿವೆ. ಕೆಲವರಿಗೆ ಅದನ್ನು ಒರೆಸಿ ನೇರ್ಪಡಿಸುವುದೇ ಒಂದು ಹವ್ಯಾಸ. ಆಟಿಯ ಬಿಡದ ಮಳೆಗೆ ಜಗಲಿಯಲ್ಲಿ ಕುಳಿತು, ಒಂದು ಬದಿಗೆ ಕೋವಿಯ ಬಿಡಿಭಾಗಗಳನ್ನೂ ಇನ್ನೊಂದು ಬದಿಗೆ ಗಾಳ, ನೂಲು, ಬೀಸುಬಲೆಗಳನ್ನೂ ಹರಡಿಕೊಂಡು ಹೊತ್ತು ಕಳೆಯುವ ಹಿರಿಯರನ್ನು ನಾವೆಲ್ಲ ನೋಡಿದ್ದೇವೆ. ಹವ್ಯಾಸ ಒಳ್ಳೆಯದೇ. ಆದರೆ ನಾವು ಕಂಡ ಮಟ್ಟಿಗೆ ಈ ಸೀಮೆಯ ಕೋವಿಗಳು ಈಡು ಹೊಡೆದು ಸವೆದದ್ದು ಕಡಮೆ. ಅವು ಕೆಟ್ಟದ್ದು ಎರಡೇ ಕಾರಣದಿಂದ: ಒಂದು, ಮಳೆಗಾಲದ ಅಸಡ್ಡೆ, ಇನ್ನೊಂದು, ಮಾಡಬಾರದ ‘ಸುಧಾರಣೆ’.

ಮೊದಲನೆಯದಕ್ಕೆ ಒಂದು ದೃಷ್ಟಾಂತ. 2024ರ ಲೋಕಸಭಾ ಚುನಾವಣೆಯ ನೀತಿಸಂಹಿತೆ ಮಾರ್ಚ್ 16ರಂದು ಜಾರಿಗೆ ಬಂತು. ನಮ್ಮ ಜಿಲ್ಲೆಯ ಮತದಾನ ಎಪ್ರಿಲ್ 26ಕ್ಕೆ, ಎಣಿಕೆ ಜೂನ್ 4ಕ್ಕೆ, ನೀತಿಸಂಹಿತೆ ತೆರವಾದದ್ದು ಜೂನ್ 6ಕ್ಕೆ. ನಮ್ಮಲ್ಲೊಬ್ಬರು ಎಲ್ಲರಂತೆ ಕೋವಿಯನ್ನು ಠೇವಣಿ ಇರಿಸಿ ರಶೀದಿ ಪಡೆದು ಬಂದರು. ಮರಳಿ ತಂದದ್ದು ಜೂನ್ ಮಧ್ಯದಲ್ಲಿ, ಹೊಡೆಮಳೆಗೆ. ನಳಿಗೆಯನ್ನು ಬೆಳಕಿಗೆ ಹಿಡಿದು ನೋಡಿದರೆ ಒಳಗೆ ಗೋರಂಟಿ ಹಚ್ಚಿದಂತೆ ಕೆಂಪು. ಒರೆಸಿದ ಮೇಲೆ ಕೆಂಪು ಹೋಯಿತು, ಸಿಡುಬಿನ ಕಲೆಯಂತಹ ಕುಳಿಗಳು ಉಳಿದವು. ಠಾಣೆಯಲ್ಲಿ ಒದ್ದೆ ಗೋಡೆಗೆ ಒರಗಿಸಿಟ್ಟಿದ್ದರೆಂದು ಅವರು ಸಿಟ್ಟಾದದ್ದು ಸಹಜ. ಆದರೆ ವಿಚಾರಿಸಿದಾಗ ತಿಳಿದ ಸಂಗತಿ ಬೇರೆ. ಕೋವಿ ಕೊಡುವ ಹಿಂದಿನ ವಾರ ಮಂಗಗಳನ್ನು ಬೆದರಿಸಲು ಎರಡು ಈಡು ಹೊಡೆದಿದ್ದರು, ತೊಳೆದಿರಲಿಲ್ಲ. ಮೇಲಾಗಿ ‘ಭದ್ರವಾಗಿರಲಿ’ ಎಂದು ರೆಕ್ಸಿನ್ ಚೀಲದಲ್ಲಿ ಹಾಕಿಕೊಟ್ಟಿದ್ದರು. ತಪ್ಪಿನ ಅರ್ಧ ಪಾಲು ಮನೆಯಲ್ಲೇ ಆಗಿತ್ತು.

ತುಕ್ಕು ಬರುವ ಬಗೆ

ಗಾಳಿಯ ತೇವಾಂಶ ನೂರಕ್ಕೆ ಅರುವತ್ತನ್ನು ದಾಟಿದರೆ ಬರಿಯ ಕಬ್ಬಿಣಕ್ಕೆ ತುಕ್ಕು ಬೇಗ ಹಿಡಿಯತೊಡಗುತ್ತದೆ. ನಮ್ಮಲ್ಲಿ ಜೂನಿನಿಂದ ಸೆಪ್ಟೆಂಬರ್ ತನಕ ತೇವಾಂಶ ಆ ಮಟ್ಟಕ್ಕೆ ಇಳಿಯುವುದೇ ಅಪರೂಪ. ಇದಕ್ಕೆ ಮದ್ದಿನ ಮಸಿ ಸೇರಿದರೆ ಕೇಳುವುದೇ ಬೇಡ. ಬಾಯಿಯಿಂದ ತುಂಬಿಸುವ ಕೇಪಿನ ಕೋವಿಗೆ ಬಳಸುವ ಕಪ್ಪು ಮದ್ದಿನಲ್ಲಿರುವುದು ಪೆಟ್ಲುಪ್ಪು, ಇದ್ದಿಲು, ಗಂಧಕ. ಇದು ಸುಟ್ಟಾಗ ತೂಕದ ಅರ್ಧಕ್ಕಿಂತ ಹೆಚ್ಚು ಭಾಗ ಲವಣಗಳಾಗುತ್ತದೆ. ಕೆಲವಂಶ ಹೊಗೆಯೊಂದಿಗೆ ಹೊರಬೀಳುತ್ತದೆ, ಮಿಕ್ಕದ್ದು ನಳಿಗೆಯ ಒಳಮೈಗೆ ಅಂಟುತ್ತದೆ. ಈ ಲವಣಗಳ ಗುಣವೆಂದರೆ, ಮಳೆಗಾಲದಲ್ಲಿ ಬಾಯಿ ತೆರೆದಿಟ್ಟ ಉಪ್ಪಿನ ಭರಣಿಯಂತೆ, ಗಾಳಿಯ ನೀರನ್ನು ಎಳೆದುಕೊಳ್ಳುವುದು. ಹಳೆಯ ತರದ ಕೇಪುಗಳಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು. ಅದು ಸಿಡಿದು ಉಳಿಯುವುದು ಪೊಟ್ಯಾಸಿಯಂ ಕ್ಲೋರೈಡ್, ಅಂದರೆ ನಾವು ತೋಟಕ್ಕೆ ಹಾಕುವ ಪೊಟ್ಯಾಷ್ ಗೊಬ್ಬರವೇ. ಪೊಟ್ಯಾಷ್ ಚೀಲಕ್ಕೆ ತಾಗಿಸಿಟ್ಟ ಹಾರೆಯ ಗತಿ ಏನಾಗುತ್ತದೆಂದು ಬಲ್ಲವರಿಗೆ ಇನ್ನು ವಿವರಣೆ ಬೇಡ.

ಇಲ್ಲಿ ಹೆಚ್ಚಿನವರು ಮಾಡುವ ತಪ್ಪು ಒಂದುಂಟು. ಈಡು ಹೊಡೆದ ಮೇಲೆ ನಳಿಗೆಗೆ ನೇರವಾಗಿ ಎಣ್ಣೆ ಹಾಕುವುದು. ಉಪ್ಪು ಎಣ್ಣೆಯಲ್ಲಿ ಕರಗುವುದಿಲ್ಲ, ಸೀಮೆಎಣ್ಣೆಯಲ್ಲೂ ಕರಗುವುದಿಲ್ಲ. ಅದು ಎಣ್ಣೆಯ ಅಡಿಯಲ್ಲಿ ಹಾಗೆಯೇ ಕುಳಿತು ತನ್ನ ಕೆಲಸ ಮಾಡುತ್ತದೆ. ಅದನ್ನು ಕರಗಿಸಬಲ್ಲದ್ದು ನೀರೊಂದೇ. ಕೋವಿಗೆ ನೀರು ಸೋಕಿಸಬಾರದೆಂಬ ನಂಬಿಕೆಯನ್ನು ಕೇಪಿನ ಕೋವಿಯ ಮಟ್ಟಿಗೆ ಬಿಟ್ಟೇ ಬಿಡಬೇಕು.

ತೊಳೆಯುವ ಕ್ರಮ

ಎಲ್ಲಕ್ಕಿಂತ ಮೊದಲು ಕೋವಿ ಬರಿದಾಗಿದೆಯೇ ಎಂದು ನೋಡಬೇಕು. ಮಡಚುವ ಕೋವಿಯಾದರೆ ತೆರೆದಾಗಲೇ ಗೊತ್ತಾಗುತ್ತದೆ. ಕೇಪಿನ ಕೋವಿಯಲ್ಲಿ ಹಾಗಲ್ಲ, ಒಳಗಿನ ಈಡು ಕಣ್ಣಿಗೆ ಕಾಣುವುದಿಲ್ಲ. ಇದಕ್ಕೊಂದು ಸುಲಭದ ಉಪಾಯವಿದೆ. ಕೋವಿ ನಿಶ್ಚಯವಾಗಿ ಬರಿದಿರುವ ದಿನ ಗಜವನ್ನು ತಳದ ತನಕ ಇಳಿಸಿ, ನಳಿಗೆಯ ಬಾಯಿಯ ಮಟ್ಟಕ್ಕೆ ಗಜದ ಮೇಲೆ ಚಾಕುವಿನಿಂದ ಒಂದು ಗೀರು ಹಾಕಿಡಿ. ಮುಂದೆ ಯಾವಾಗ ಗಜ ಇಳಿಸಿದರೂ ಆ ಗೀರು ಬಾಯಿಯ ಮಟ್ಟಕ್ಕೇ ಬರಬೇಕು. ನಾಲ್ಕು ಬೆರಳು ಮೇಲೆ ನಿಂತರೆ ಒಳಗೆ ಏನೋ ಇದೆಯೆಂದೇ ಅರ್ಥ. ಇದನ್ನು ಪರೀಕ್ಷಿಸುವಾಗ ಕೇಪು ತೆಗೆದಿರಬೇಕು, ನಳಿಗೆಯ ಬಾಯಿ ಯಾರ ಕಡೆಗೂ, ನಮ್ಮ ಮುಖದ ಕಡೆಗೂ, ತಿರುಗಿರಬಾರದು. ಹಳೆಯ ಈಡು ಸಿಕ್ಕಿಕೊಂಡಿದೆಯೆಂದು ಕಂಡುಬಂದರೆ ಕುಟ್ಟಿ, ಕೊರೆದು ತೆಗೆಯುವ ಸಾಹಸ ಬೇಡ. ಅದು ಲೈಸೆನ್ಸುಳ್ಳ ರಿಪೇರಿಯವರ ಕೆಲಸ. ಅಂದ ಹಾಗೆ, ‘ರಾತ್ರಿ ಹಂದಿ ಬಂದರೆ ಬೇಕಾಗುತ್ತದೆ’ ಎಂದು ಈಡು ತುಂಬಿಸಿಯೇ ಮೂಲೆಗೆ ಒರಗಿಸಿಡುವ ಹಳೆಯ ಅಭ್ಯಾಸ ಕೆಲವು ಮನೆಗಳಲ್ಲಿ ಇನ್ನೂ ಇದೆ. ಆ ಮನೆಗಳಲ್ಲಿ ಮಕ್ಕಳೂ ಇದ್ದಾರೆ. ಇದಕ್ಕಿಂತ ಹೆಚ್ಚು ಹೇಳಲಾರೆವು.

ಕೇಪಿನ ಕೋವಿಯಾದರೆ ನಳಿಗೆಯನ್ನು ಮರದಿಂದ ಬಿಡಿಸಿ, ಕೇಪು ಕೂರಿಸುವ ನಿಪ್ಪಲ್ಲಿನ ತುದಿಯನ್ನು ಬಕೆಟಿನ ನೀರಿನಲ್ಲಿ ಮುಳುಗಿಸಿ ನಿಲ್ಲಿಸಬೇಕು. ಬಚ್ಚಲಿನ ಹಂಡೆಯ ಕುದಿಯುವ ನೀರೇ ಸಾಕು, ಮೈಗೆ ಹಚ್ಚುವ ಸೋಪು ಸ್ವಲ್ಪ ಕದಡಿದರೂ ಆದೀತು. ಗಜದ ತುದಿಗೆ ಹತ್ತಿಬಟ್ಟೆ ಸುತ್ತಿ ಮೇಲಕ್ಕೂ ಕೆಳಕ್ಕೂ ಎಳೆದರೆ ಪಂಪಿನಂತೆ ನೀರು ಸಣ್ಣ ತೂತಿನಿಂದ ಒಳಬಂದು ಹೊರಹೋಗುತ್ತದೆ. ಮೊದಲ ನೀರು ಕಾಡಿಗೆಯಂತೆ ಬರುತ್ತದೆ, ಕೊಳೆತ ಮೊಟ್ಟೆಯ ವಾಸನೆಯೂ ಇರುತ್ತದೆ. ಮೂರನೆಯ ನೀರು ತಿಳಿಯಾಗಬೇಕು. ಬಿಸಿನೀರಿನ ಲಾಭವೆಂದರೆ ನಳಿಗೆಯೂ ಕಾಯ್ದು, ತೆಗೆದಿಟ್ಟ ಕೂಡಲೇ ತನ್ನಿಂದ ತಾನೇ ಒಣಗುವುದು. ತಣ್ಣೀರಿನಲ್ಲಿ ತೊಳೆದರೆ ಆ ಅನುಕೂಲವಿಲ್ಲ. ಒಣಬಟ್ಟೆ ಬಿಳಿದಾಗಿ ಹೊರಬರುವ ತನಕ ಒರೆಸಿ, ನಳಿಗೆ ಇನ್ನೂ ಬೆಚ್ಚಗಿರುವಾಗಲೇ ತೆಳುವಾಗಿ ಎಣ್ಣೆ ಸವರಬೇಕು. ಕುದುರೆ, ಟ್ರಿಗರ್ ಇರುವ ಭಾಗಕ್ಕೆ ಮತ್ತು ಮರಕ್ಕೆ ನೀರು ಬೇಡ. ಒದ್ದೆಬಟ್ಟೆಯಲ್ಲಿ ಒರೆಸಿ ಒಣಗಿಸಿದರಾಯಿತು. ಮರುದಿನ ಬೆಳಗ್ಗೆ ಇನ್ನೊಮ್ಮೆ ಬಿಳಿಬಟ್ಟೆ ಹಾಯಿಸಿ ನೋಡುವುದನ್ನು ಮರೆಯಬಾರದು. ಕೆಂಪು ಕಂಡರೆ ಎಲ್ಲೋ ಉಪ್ಪು ಉಳಿದಿದೆ ಎಂದು ಅರ್ಥ, ಪುನಃ ತೊಳೆಯಬೇಕು.

ತೋಟೆ ಹಾಕುವ ಒಂಟಿ ನಳಿಗೆ, ಜೋಡಿ ನಳಿಗೆಯ ಕೋವಿಗಳಿಗೆ ಈ ನೀರಿನ ಕಟ್ಟಳೆ ಇಲ್ಲ. ಈಗಿನ ತೋಟೆಗಳ ಹೊಗೆರಹಿತ ಮದ್ದು ಅಷ್ಟು ಉಪ್ಪನ್ನು ಬಿಡುವುದಿಲ್ಲ. ಅದರಲ್ಲಿ ಉಳಿಯುವುದು ಸೀಸದ ಗೆರೆ ಮತ್ತು ಪ್ಲಾಸ್ಟಿಕ್ಕಿನ ಮೇಣ. ಹಿತ್ತಾಳೆ ತಂತಿಯ ಬ್ರಷ್ಷನ್ನು ತೋಟೆ ಕೂರುವ ಬುಡದ ಕಡೆಯಿಂದ ತೂರಿಸಿ ಬಾಯಿಯ ಕಡೆಗೆ ದಾಟಿಸಬೇಕು. ಬುಡದ ಕೀಲಿಗೆ ಒಂದು ಚೂರು ಗ್ರೀಸು ಸಾಕು. ಕುದುರೆ ಸರಿಯಾಗಿ ಬೀಳುತ್ತದೆಯೇ ಎಂದು ಬರಿ ಕೋವಿಯ ಟ್ರಿಗರನ್ನು ಚಟಚಟನೆ ಎಳೆದು ನೋಡುವುದು ಹಲವರಿಗೆ ಚಟ. ಹೀಗೆ ಮಾಡಿದರೆ ಒಳಗಿನ ಸಣ್ಣ ಮೊಳೆ ಮುರಿಯುತ್ತದೆ.

ಕೋವಿ ಒರೆಸಿದ ಕೈಯಲ್ಲೇ ವೀಳ್ಯದೆಲೆಗೆ ಸುಣ್ಣ ಹಚ್ಚುವವರಿಗೆ ಒಂದು ಮಾತು. ನಳಿಗೆಯಿಂದ ಬರುವ ಕಪ್ಪಿನಲ್ಲಿ ಸೀಸವಿರುತ್ತದೆ, ಸೀಸ ವಿಷ. ಬೀಸುಬಲೆಯ ಸೀಸದ ಗುಂಡುಗಳನ್ನು ಅಡುಗೆಯ ಪಾತ್ರೆಯಲ್ಲಿ ಕರಗಿಸುವವರಿಗೂ ಇದೇ ಮಾತು. ಸೋಪು ಹಾಕಿ ಕೈ ತೊಳೆದು ಎಲೆ ಮೆಲ್ಲಿರಿ.

ಎಣ್ಣೆ ಯಾವುದು, ಇಡುವುದೆಲ್ಲಿ

ತೆಂಗಿನೆಣ್ಣೆ ನಮ್ಮಲ್ಲಿ ಎಲ್ಲಕ್ಕೂ ಮದ್ದು. ಆದರೆ ಅದು ಕೆಲವು ತಿಂಗಳಲ್ಲಿ ಕಮಟಿ, ಅಂಟಂಟಾಗಿ, ಕುದುರೆಯ ಸಂದಿನಲ್ಲಿ ಧೂಳು ಹಿಡಿದು ನಿಲ್ಲುತ್ತದೆ. ಸೀಮೆಎಣ್ಣೆ ಕೊಳೆ ತೆಗೆಯಲು ಒಳ್ಳೆಯದು, ಕಾಯುವುದಕ್ಕಲ್ಲ. ಆರಿದ ಮೇಲೆ ಲೋಹದ ಮೇಲೆ ಏನೂ ಉಳಿಯುವುದಿಲ್ಲ. ಹೊಲಿಗೆ ಮಿಷನಿನ ಎಣ್ಣೆ ಬೇಸಿಗೆಗೆ ಸಾಕು. ಮಳೆಗಾಲದ ನಾಲ್ಕು ತಿಂಗಳಿಗೆ ಅದು ತೆಳುವಾಯಿತು, ವಾರಕ್ಕೊಮ್ಮೆ ಹಚ್ಚಬೇಕಾಗುತ್ತದೆ. ಕೋವಿ ಹೊರಗೆ ತೆಗೆಯುವ ಸಂದರ್ಭವಿಲ್ಲದಿದ್ದರೆ ತೆಳ್ಳಗೆ ವ್ಯಾಸಲೀನು ಅಥವಾ ಗ್ರೀಸು ಸವರಿಡುವುದು ಮೇಲು. ಆದರೆ ನಳಿಗೆಯ ಒಳಗೆ ಸವರಿದ್ದನ್ನು ಈಡು ಹೊಡೆಯುವ ಮೊದಲು ಪೂರ್ತಿ ಒರೆಸಿ ತೆಗೆಯಲೇಬೇಕು. ಬೆರಳಚ್ಚು ಬಿದ್ದಲ್ಲಿ ಮೊದಲು ತುಕ್ಕು ಬರುತ್ತದೆ. ಬೆವರೂ ಉಪ್ಪೇ ತಾನೆ. ಆದ್ದರಿಂದ ಮುಟ್ಟಿದ ಮೇಲೆ ಒಮ್ಮೆ ಒರೆಸಬೇಕು.

ಮರಕ್ಕೆ ಅಗಸೆ ಎಣ್ಣೆ ಒಳ್ಳೆಯದು. ಎರಡು ಹನಿ ಅಂಗೈಗೆ ಹಾಕಿ ಬಿಸಿಯಾಗುವಷ್ಟು ತಿಕ್ಕಿ, ಎರಡು ದಿನ ಬಿಟ್ಟು ಪುನಃ ತಿಕ್ಕಬೇಕು. ಆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆಮಾಡಿ ಸೋಗೆಯ ರಾಶಿಗೆ ಎಸೆಯಬೇಡಿ, ಅದಕ್ಕೆ ತಾನೇ ಬಿಸಿಯಾಗಿ ಬೆಂಕಿ ಹತ್ತಿಕೊಳ್ಳುವ ಗುಣವಿದೆ; ಬಿಡಿಸಿ ಒಣಹಾಕಿ. ಗೆದ್ದಲು ಬಾರದೆಂದು ಬಾಗಿಲ ಚೌಕಟ್ಟಿಗೆ ಬಳಿಯುವ ಗೇರು ಸಿಪ್ಪೆಯ ಎಣ್ಣೆಯನ್ನು ಕೋವಿಯ ಮರಕ್ಕೆ ಬಳಿದವರೊಬ್ಬರನ್ನು ನಾವು ಬಲ್ಲೆವು. ಗುರಿ ಹಿಡಿದ ಕೆನ್ನೆಯಲ್ಲಿ ಬೊಬ್ಬೆ ಎದ್ದು ಹದಿನೈದು ದಿನ ಗಡ್ಡ ತೆಗೆಯಲಾಗಲಿಲ್ಲ.

ಇಡುವ ಜಾಗದ ವಿಷಯ. ಗೊಬ್ಬರ, ಮೈಲುತುತ್ತು, ಸುಣ್ಣ ಇರಿಸಿದ ಕೋಣೆಯಲ್ಲಿ ಕೋವಿ ಇಡಬಾರದು. ಬೋರ್ಡೋ ಸರಿಯಾಗಿದೆಯೇ ಎಂದು ಕತ್ತಿಯ ಅಲಗನ್ನು ಅದ್ದಿ ನೋಡುತ್ತೇವಲ್ಲ, ಸುಣ್ಣ ಕಡಮೆಯಾದರೆ ಅಲಗಿನ ಮೇಲೆ ತಾಮ್ರ ಕೂರುತ್ತದೆ. ಮೈಲುತುತ್ತಿನ ಹುಡಿ ತೇವದೊಂದಿಗೆ ಕೂಡಿ ಕೋವಿಯ ಉಕ್ಕಿಗೂ ಮಾಡುವುದು ಅದನ್ನೇ. ಚರ್ಮದ ಚೀಲ, ರೆಕ್ಸಿನ್ ಚೀಲಗಳು ಪೇಟೆಗೆ ಒಯ್ಯುವುದಕ್ಕೆ ಮಾತ್ರ. ಅವುಗಳೊಳಗೆ ತಿಂಗಳುಗಟ್ಟಲೆ ಇಟ್ಟರೆ ತೇವ ಒಳಗೇ ನಿಂತು ಕೋವಿ ಬೆವರುತ್ತದೆ. ಬೀಗವಿರುವ ಮರದ ಕಪಾಟು, ಗೋಡೆಗೆ ತಾಗದಂತೆ, ಗಾಳಿಯಾಡುವಂತೆ. ತೋಟೆಗಳಿಗೆ ಬೇರೆ ಪೆಟ್ಟಿಗೆ, ಬೇರೆ ಬೀಗ. ಅಡಿಕೆ ಒಣಗಿಸುವ ಅಟ್ಟದ ಬೆಚ್ಚನೆಯ ಜಾಗ ಸೂಕ್ತವೆಂದು ಕೆಲವರ ಅಭಿಪ್ರಾಯ. ಕಬ್ಬಿಣಕ್ಕೆ ಹಿತವಾದರೂ ಆಗಬಹುದು, ಆದರೆ ಮರ ಸೀಳುತ್ತದೆ, ಮದ್ದಿಗಂತೂ ಬೆಂಕಿಯ ನೆರೆ ಬೇಡವೇ ಬೇಡ.

ಕುಂಬಾರ ಹುಳುವಿನ ವಿಷಯ ಇಲ್ಲಿ ಹೇಳಲೇಬೇಕು. ಕಿಟಕಿಯ ಸಂದು, ಬೀಗದ ಕಣ್ಣು, ಎಲ್ಲಿ ತೂತು ಕಂಡರೂ ಮಣ್ಣು ಮೆತ್ತಿ ಗೂಡು ಕಟ್ಟುವ ಈ ಹುಳುವಿಗೆ ಕೋವಿಯ ನಳಿಗೆ ಬಹಳ ಪ್ರೀತಿ. ಮೂರು ತಿಂಗಳು ಮೂಲೆಯಲ್ಲಿ ನಿಂತ ಕೋವಿಯ ಬಾಯಿಯಿಂದ ಒಂದು ಗೇಣು ಒಳಗೆ ಗೂಡಿದ್ದರೆ ಮೇಲೆ ನೋಡಿದವರಿಗೆ ಗೊತ್ತಾಗುವುದಿಲ್ಲ. ಈಡು ಹೊಡೆದಾಗ ಹಿಂದಿನಿಂದ ಬರುವ ಒತ್ತಡ ಆ ಮಣ್ಣಿನ ಬಿರಡೆಗೆ ಬಡಿದು ನಳಿಗೆಯೇ ಬಿರಿಯುತ್ತದೆ. ಎಡಗೈ ಇರುವುದು ಅಲ್ಲಿಯೇ. ಕೋವಿ ಹೊರತೆಗೆದಾಗಲೆಲ್ಲ ಒಮ್ಮೆ ಗಜ ಹಾಯಿಸಿ ನೋಡುವುದಕ್ಕೆ ಅರ್ಧ ನಿಮಿಷ ಸಾಕು. ತೋಟದ ಚರಂಡಿ ದಾಟುವಾಗ ಜಾರಿಬಿದ್ದು ನಳಿಗೆಗೆ ಕೆಸರು ಹೊಕ್ಕರೂ ಇದೇ ಎಚ್ಚರಿಕೆ.

‘ಸುಧಾರಣೆ’ಗಳ ವಿಚಾರ

ಭುಜಕ್ಕೆ ತೂಗುಹಾಕುವ ಪಟ್ಟಿ, ಬುಡಕ್ಕೆ ಒದೆತ ತಡೆಯುವ ರಬ್ಬರು, ಮರಕ್ಕೆ ಎಣ್ಣೆ, ಇಷ್ಟರ ಮಟ್ಟಿಗೆ ಹವ್ಯಾಸಕ್ಕೆ ಅಡ್ಡಿಯಿಲ್ಲ. ಇದರಾಚೆಗೆ ಹೋದರೆ ಹೆಚ್ಚಿನದು ಹಾನಿ, ಕೆಲವು ಅಪರಾಧ.

ಮೊದಲನೆಯದು ಉಜ್ಜಿ ಹೊಳಪಿಸುವುದು. ನಳಿಗೆಯ ನೀಲಿಗಪ್ಪು ಬಣ್ಣ ಕೊಳೆಯಲ್ಲ, ತುಕ್ಕಿನಿಂದ ಕಾಯುವ ಪದರ. ಉಪ್ಪುಕಾಗದ ಹಾಕಿ ಅದನ್ನು ಬೆಳ್ಳಿಯಂತೆ ಮಾಡಿದವರು ಮುಂದಿನ ಮಳೆಗಾಲದಲ್ಲಿ ವಾರಕ್ಕೊಮ್ಮೆ ಉಜ್ಜಬೇಕಾಗುತ್ತದೆ.

ಎರಡನೆಯದು ನಳಿಗೆ ಕತ್ತರಿಸುವುದು. ಗಿಡಗಳ ನಡುವೆ ಓಡಾಡಲು ಹಗುರವಾಗಲೆಂದು, ಅಥವಾ ತುದಿ ಬಿರಿದಿದೆಯೆಂದು, ಹ್ಯಾಕ್ಸಾ ಹಿಡಿಯಲು ಹೊರಟವರುಂಟು. 1959ರ ಶಸ್ತ್ರಾಸ್ತ್ರ ಕಾಯಿದೆಯ 6ನೆಯ ಕಲಮಿನಂತೆ ಪ್ರತ್ಯೇಕ ಲೈಸೆನ್ಸಿಲ್ಲದೆ ನಳಿಗೆ ಮೊಟಕುಗೊಳಿಸುವುದು ಅಪರಾಧ. ಅದೇ ಕಾಯಿದೆಯ 13ನೆಯ ಕಲಮು ನಮ್ಮ ಪಾಲಿನದ್ದು: ನಿಜವಾದ ಬೆಳೆರಕ್ಷಣೆಗಾಗಿ ಬಾಯಿಯಿಂದ ತುಂಬಿಸುವ ಕೋವಿಗೆ ಲೈಸೆನ್ಸು ನೀಡಬೇಕೆಂದೂ, ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ 20 ಇಂಚಿಗಿಂತ ಕಡಮೆಯಿಲ್ಲದ ನಳಿಗೆಯ, ಒಳಮೈ ನುಣುಪಾದ ಬೇರೆ ಕೋವಿಗೂ ನೀಡಬಹುದೆಂದೂ ಅದು ಹೇಳುತ್ತದೆ. ಈ ಅಳತೆಯ ಆಧಾರದಲ್ಲೇ ನಮ್ಮ ಲೈಸೆನ್ಸು ನಿಂತಿರುವಾಗ ಗರಗಸದೊಂದಿಗೆ ಆಟ ಬೇಡ.

ಮೂರನೆಯದು ಹಳೆಯ ಕೋವಿಗೆ ಹೊಸ ತೋಟೆ. ಹನ್ನೆರಡು ಬೋರ್ ಎಂದರೆ ಒಂದು ಪೌಂಡು ಸೀಸದಿಂದ ಹನ್ನೆರಡು ಸಮಗುಂಡು ಮಾಡಿದರೆ ಅದರಲ್ಲೊಂದು ಸರಿಯಾಗಿ ಹೋಗುವಷ್ಟು ಅಗಲದ ನಳಿಗೆ, ಸುಮಾರು ಹದಿನೆಂಟೂವರೆ ಮಿಲ್ಲಿಮೀಟರ್. ಅಗಲ ಒಂದೇ ಆದರೂ ಉದ್ದ ಒಂದೇ ಅಲ್ಲ. ಅಜ್ಜನ ಕಾಲದ ವಿಲಾಯತಿ ಕೋವಿಗಳಲ್ಲಿ ತೋಟೆ ಕೂರುವ ಗೂಡು ಎರಡೂವರೆ ಇಂಚು, ಅಂದರೆ 65 ಮಿಲ್ಲಿಮೀಟರ್ ಇರುವುದುಂಟು. ಈಗ ಸಿಗುವ 70 ಮಿಲ್ಲಿಮೀಟರಿನ ತೋಟೆ ಅದರೊಳಗೆ ಸಲೀಸಾಗಿ ಕೂರುತ್ತದೆ, ಏಕೆಂದರೆ 70 ಎಂಬುದು ಹೊಡೆದ ಮೇಲೆ ಬಾಯಿ ಬಿಚ್ಚಿದಾಗಿನ ಉದ್ದ. ಬಿಚ್ಚಲು ಜಾಗ ಸಾಲದೆ ಒತ್ತಡ ಏರುತ್ತದೆ. ನಳಿಗೆಯ ಮೈಮೇಲೆ ನೀರಿನ ಅಲೆಯಂತಹ ಗೆರೆಗಳಿದ್ದರೆ ಅದು ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಸುತ್ತಿ ಬೆಸೆದು ಮಾಡಿದ ಹಳೆಯ ನಳಿಗೆ. ಕಪ್ಪು ಮದ್ದಿನ ಕಾಲದ್ದು, ಈಗಿನ ತೋಟೆಗೆ ಹೇಳಿಸಿದ್ದಲ್ಲ. ಅಂತಹ ಕೋವಿ ಮನೆಯಲ್ಲಿದ್ದರೆ ಬಲ್ಲವರಿಗೆ ತೋರಿಸದೆ ಒಂದು ಈಡೂ ಹೊಡೆಯಬಾರದು.

ಸ್ಪ್ರಿಂಗು, ಕುದುರೆ, ನಿಪ್ಪಲ್ಲು ಸವೆದರೆ ಮೊದಲೆಲ್ಲ ಊರ ಆಚಾರಿಯವರೇ ಸರಿಮಾಡಿ ಕೊಡುತ್ತಿದ್ದರು. ಅವರ ಕೈಚಳಕಕ್ಕೆ ನಮ್ಮ ಗೌರವವಿದೆ, ಆದರೆ ಕಾಯಿದೆಯ 5ನೆಯ ಕಲಮಿನಂತೆ ಕೋವಿ ರಿಪೇರಿಯ ಕಸುಬಿಗೂ ಲೈಸೆನ್ಸು ಬೇಕು. ಕೋವಿಯನ್ನು ರಿಪೇರಿಗೆ ಮಗನ ಕೈಯಲ್ಲೋ ಕೆಲಸದವರ ಕೈಯಲ್ಲೋ ಕಳುಹಿಸುವುದಿದ್ದರೆ ಲೈಸೆನ್ಸುದಾರರ ಲಿಖಿತ ಅಧಿಕಾರಪತ್ರ ಅವರ ಬಳಿ ಇರಬೇಕು. 3ನೆಯ ಕಲಮಿನಲ್ಲಿ ರಿಪೇರಿಗೂ ಲೈಸೆನ್ಸು ನವೀಕರಣಕ್ಕೂ ಈ ಸೌಕರ್ಯವಿದೆ. ಹೀಗೆ ಬರೆದುಕೊಟ್ಟದ್ದು ಒಯ್ಯುವುದಕ್ಕೆ ಮಾತ್ರ. ‘ಹೋಗು, ಮಂಗ ಓಡಿಸಿ ಬಾ’ ಎಂದು ಇನ್ನೊಬ್ಬರ ಕೈಗೆ ಕೋವಿ ಕೊಡುವಂತಿಲ್ಲ.

ಮಂಗ ಓಡಿಸುವ ಮಾತು ಬಂದದ್ದರಿಂದ ಹೇಳುತ್ತೇವೆ. ಬೆಳೆರಕ್ಷಣೆಯ ಲೈಸೆನ್ಸು ಬೇಟೆಯ ಪರವಾನಗಿಯಲ್ಲ. 1972ರ ವನ್ಯಜೀವಿ ಕಾಯಿದೆ ಮಂಗ, ನವಿಲು, ಕಾಡುಕೋಣ, ಆನೆ ಎಲ್ಲಕ್ಕೂ ಅನ್ವಯಿಸುತ್ತದೆ. ಹಂದಿಯ ವಿಷಯದಲ್ಲೂ ಅಧಿಕಾರವುಳ್ಳ ಅರಣ್ಯಾಧಿಕಾರಿಯ ಲಿಖಿತ ಅನುಮತಿ ಬೇಕು. ನಮಗೆ ಉಳಿದಿರುವುದು ಸದ್ದಿನ ಈಡು. ಇದು ಅನ್ಯಾಯವೆಂದು ಹೇಳುವ ಬೆಳೆಗಾರರ ನೋವು ನಮಗೆ ತಿಳಿಯದ್ದಲ್ಲ. ನಮ್ಮ ತೋಟದ ಅಡಿಕೆಯೂ ಉದುರಿದೆ. ಆದರೆ 2023ರ ಫೆಬ್ರವರಿಯಲ್ಲಿ ಕಡಬದ ರೆಂಜಿಲಾಡಿಯಲ್ಲಿ ಆನೆ ಇಬ್ಬರನ್ನು ಬಲಿ ತೆಗೆದುಕೊಂಡ ಮೇಲೆ ಕೋವಿ ಹಿಡಿದು ಆನೆಯ ಹಿಂದೆ ಹೋಗುವ ಮಾತು ಕೆಲವೆಡೆ ಕೇಳಿಬಂತು. ಚರೆ ತಾಗಿ ಗಾಯಗೊಂಡ ಆನೆ ಮುಂದಿನ ಊರಿನವರಿಗೆ ಇನ್ನೂ ಅಪಾಯ. ಹಾಗೆಯೇ ಪಿವಿಸಿ ಪೈಪಿಗೆ ಕಾರ್ಬೈಡ್ ಹಾಕಿ ಸಿಡಿಸುವ ‘ಪೈಪ್ ಕೋವಿ’: ಸಿಡಿಯದಿದ್ದಾಗ ಬಗ್ಗಿ ನೋಡಿದವರ ಕಣ್ಣು ಹೋಗುತ್ತದೆ. 2025ರ ದೀಪಾವಳಿಯಲ್ಲಿ ಭೋಪಾಲದ ಕಡೆ ಎಷ್ಟೋ ಮಕ್ಕಳ ಕಣ್ಣಿಗೆ ಹೀಗೆಯೇ ಪೆಟ್ಟಾಯಿತು. ಇನ್ನು ಪ್ರಾಣಿ ಬರುವ ದಾರಿಗೆ ತಂತಿ ಕಟ್ಟಿ ಕೋವಿ ಹೂಡುವ ಪದ್ಧತಿ. ಆ ತಂತಿಗೆ ಹಂದಿ, ದನ, ಸೋಗೆ ಹೆಕ್ಕಲು ಬಂದ ಹೆಂಗಸು ಎಂಬ ಭೇದ ತಿಳಿಯದು.

ಹೊಳೆಯ ಕಡೆ

ಗಾಳದವರೂ ಕೋವಿಯವರೂ ನಮ್ಮಲ್ಲಿ ಹೆಚ್ಚಾಗಿ ಒಬ್ಬರೇ. ಮುಂಗಾರಿನ ಮೊದಲ ದೊಡ್ಡ ಮಳೆಗೆ ಹೊಳೆಯ ಮೀನು ತೋಡು, ಗದ್ದೆಗಳಿಗೆ ಏರಿ ಬರುವ ಉಬರ್ ಸಮಯದಲ್ಲಿ ಬಲೆ, ಕತ್ತಿ, ಟಾರ್ಚುಗಳ ಜೊತೆಗೆ ಕೋವಿಯೂ ಹೊರಡುತ್ತಿದ್ದ ಕಾಲವಿತ್ತು. ನೀರಿನಲ್ಲಿ ಕಂಡ ಮೀನಿಗೆ ಈಡು ಹೊಡೆಯುವುದು ಶೌರ್ಯವಾಗಿಯೂ ಕಂಡಿತ್ತು. ಓರೆಯಾಗಿ ಬಿದ್ದ ಚರೆ, ಮಕ್ಕಳು ಎಸೆದ ಹೆಂಚಿನ ಚೂರಿನಂತೆ, ನೀರಿನ ಮೇಲಿಂದ ಪುಟಿದು ಹಾರುತ್ತದೆ. ತೋಡಿನ ಆಚೆ ದಡದಲ್ಲಿ ಕತ್ತಲೆಗೆ ಇನ್ನೊಬ್ಬ ಬಲೆ ಹಿಡಿದು ನಿಂತಿರುತ್ತಾನೆ. ಕೋವಿಯನ್ನು ಹೊಳೆಗೆ ಒಯ್ಯಲೇಬಾರದು. ಬೆಳೆರಕ್ಷಣೆಯ ಲೈಸೆನ್ಸಿಗೆ ಹೊಳೆಯಲ್ಲಿ ಕೆಲಸವೂ ಇಲ್ಲ. ಉಬರಿಗೆ ಏರುವ ಮೀನಿನ ಹೊಟ್ಟೆ ತುಂಬ ಮೊಟ್ಟೆ ಇರುತ್ತದೆಂಬುದನ್ನೂ ನೆನಪಿಸಿದರೆ ಸದಸ್ಯರು ಬೇಸರಿಸಲಾರರು.

ತೋಟೆ ಎಂಬ ಒಂದೇ ಮಾತು ನಮ್ಮಲ್ಲಿ ಕೋವಿಯದಕ್ಕೂ ಹೊಳೆಯ ಗುಂಡಿಗೆ ಎಸೆಯುವ ಸ್ಫೋಟಕಕ್ಕೂ ಸಲ್ಲುತ್ತದೆ. ಕೋವಿಗೆಂದು ಲೈಸೆನ್ಸಿನ ಮೇಲೆ ತಂದ ಮದ್ದು ಎರಡನೆಯದಕ್ಕೆ ಹೋಗುವುದು ಗುಟ್ಟಿನ ಸಂಗತಿಯಲ್ಲ. ನೀರಿಗೆ ಸ್ಫೋಟಕವನ್ನಾಗಲಿ ವಿಷವನ್ನಾಗಲಿ ಹಾಕಿ ಮೀನು ಹಿಡಿಯುವುದನ್ನು 1897ರ ಮೀನುಗಾರಿಕೆ ಕಾಯಿದೆಯೇ ನಿಷೇಧಿಸಿದೆ. ಒಂದು ತೋಟೆಗೆ ಸಾಯುವ ಮೀನಿನಲ್ಲಿ ನಮಗೆ ಸಿಗುವುದು ಮೇಲೆ ತೇಲಿದ್ದು ಮಾತ್ರ; ಗುಂಡಿಯ ಮರಿಗಳೆಲ್ಲ ಹೋಗುತ್ತವೆ. ಸುಬ್ರಹ್ಮಣ್ಯದ ಕುಮಾರಧಾರೆಯಲ್ಲಿ, ಸುಳ್ಯದ ತೊಡಿಕಾನದಲ್ಲಿ ದೇವರ ಮೀನೆಂದು ಬಿಟ್ಟಲ್ಲಿ ಮೊಣಕೈ ಉದ್ದದ ಮೀನುಗಳನ್ನು ಇಂದಿಗೂ ನೋಡಬಹುದು. ಬೆಳ್ತಂಗಡಿಯ ಶಿಶಿಲದಲ್ಲಿ 1996ರಲ್ಲಿ ಯಾರೋ ವಿಷ ಹಾಕಿ ಕಪಿಲಾ ಹೊಳೆಯ ದೇವರ ಮೀನುಗಳನ್ನು ಕೊಂದರು. ಸತ್ತ ಮೀನುಗಳಿಗೆ ಆ ಊರವರು ಸ್ಮಾರಕ ಕಟ್ಟಿದ್ದಾರೆ.

ಗಾಳದ ಸಾಮಾನಿಗೆ ಆರೈಕೆ ಬಹಳ ಬೇಡ. ಕೊಕ್ಕೆಗಳನ್ನು ಒರೆಸಿ ಒಣಗಿಸಿ ಒಂದು ತೊಟ್ಟು ತೆಂಗಿನೆಣ್ಣೆಯೊಂದಿಗೆ ಡಬ್ಬಿಯಲ್ಲಿಡಿ. ಇಲ್ಲಿ ತೆಂಗಿನೆಣ್ಣೆಗೆ ನಮ್ಮ ತಕರಾರಿಲ್ಲ. ನೈಲಾನ್ ನೂಲಿಗೆ ಮಳೆಗಿಂತ ಬಿಸಿಲೇ ಶತ್ರು, ನೆರಳಲ್ಲಿ ಸುತ್ತಿಡಿ.

ಕಾಗದಪತ್ರ

ಲೈಸೆನ್ಸಿನ ಅವಧಿ 2019ರ ತಿದ್ದುಪಡಿಯ ನಂತರ ಮೂರರ ಬದಲು ಐದು ವರ್ಷವಾಗಿದೆ. ಅವಧಿ ದೀರ್ಘವಾದಷ್ಟು ಮರೆವೂ ಹೆಚ್ಚು. ಗೋಡೆಯ ಕ್ಯಾಲೆಂಡರಿನಲ್ಲಿ ಅಲ್ಲ, ಜಮೀನಿನ ಕಡತದಲ್ಲಿ ತಾರೀಕು ಬರೆದಿಡಿ. ಲೈಸೆನ್ಸುದಾರರು ತೀರಿಕೊಂಡರೆ ಕೋವಿ ತಾನಾಗಿ ಮಗನದ್ದಾಗುವುದಿಲ್ಲ. ತಡಮಾಡದೆ ಠಾಣೆಯಲ್ಲಿ ಅಥವಾ ಲೈಸೆನ್ಸುಳ್ಳ ಅಂಗಡಿಯಲ್ಲಿ ಠೇವಣಿ ಇರಿಸಿ ವಾರಸುದಾರರು ಅರ್ಜಿ ಹಾಕಬೇಕು. 2016ರ ನಿಯಮಗಳಲ್ಲಿ ಇನ್ನೊಂದು ಸೌಲಭ್ಯವಿದೆ: ಲೈಸೆನ್ಸುದಾರರಿಗೆ 70 ವರ್ಷ ತುಂಬಿದಾಗ, ಅಥವಾ ಕೋವಿ ಹೊಂದಿ 25 ವರ್ಷವಾದಾಗ, ಬದುಕಿರುವಾಗಲೇ ವಾರಸುದಾರರ ಹೆಸರಿಗೆ ಲೈಸೆನ್ಸು ಮಾಡಿಸಿಕೊಡಲು ಅರ್ಜಿ ಸಲ್ಲಿಸಬಹುದು. ಇದನ್ನು ಉಪಯೋಗಿಸಿಕೊಂಡವರು ಕಡಮೆ.

ಸಂಪಾಜೆ ಘಾಟಿಯ ಆಚೆ ನೆಂಟರಿರುವ ಸುಳ್ಯದ ಕೆಲವರು, ಕೊಡಗಿನಲ್ಲಿ ಲೈಸೆನ್ಸೇ ಬೇಡವಲ್ಲ ಎನ್ನುವುದುಂಟು. 1861ರಿಂದ ನಡೆದು ಬಂದಿರುವ ಆ ವಿನಾಯಿತಿ ಕೊಡವ ಜನಾಂಗದವರಿಗೂ ಜಮ್ಮಾ ಹಿಡುವಳಿದಾರರಿಗೂ ಮಾತ್ರ. 2019ರಲ್ಲಿ ಅದನ್ನು 2029ರ ತನಕ ಮುಂದುವರಿಸಲಾಗಿದೆ. ನೆಂಟಸ್ತಿಕೆಯಿಂದ ಅದು ನಮಗೆ ಬರುವುದಿಲ್ಲ.

ಚುನಾವಣೆಯ ಠೇವಣಿಯ ವಿಚಾರಕ್ಕೆ ಮರಳಿದರೆ, ವಿನಾಯಿತಿ ಬೇಕೆನ್ನುವವರು ಜಿಲ್ಲಾಮಟ್ಟದ ಪರಿಶೀಲನಾ ಸಮಿತಿಗೆ ಮೊದಲೇ ಬರೆದು ಕೊಡಬೇಕು. ಹಾನಿಯಾದ ತೋಟದ ಚಿತ್ರಗಳು ಜೊತೆಗಿದ್ದರೆ ಒಳ್ಳೆಯದು. ಕೊಡಲೇಬೇಕಾಗಿ ಬಂದರೆ ಹಿಂದಿನ ದಿನ ತೊಳೆದು, ಒಣಗಿಸಿ, ಒಳಗೂ ಹೊರಗೂ ಗ್ರೀಸು ಸವರಿ, ಎಣ್ಣೆಗಾಗದದಲ್ಲಿ ಸಡಿಲವಾಗಿ ಸುತ್ತಿ ಕೊಡಿ. ಪ್ಲಾಸ್ಟಿಕ್, ರೆಕ್ಸಿನ್ ಬೇಡ. ಕೋವಿಯ ನಂಬರು ಕಾಣುವಂತೆ ಒಂದು ಚಿತ್ರ, ನಳಿಗೆಯ ಒಳಭಾಗದ ಒಂದು ಚಿತ್ರ ತೆಗೆದಿರಿಸಿ. ರಶೀದಿಯಲ್ಲಿ ನಂಬರಿನೊಂದಿಗೆ ಪಟ್ಟಿ, ಗಜ, ತೋಟೆಗಳ ಲೆಕ್ಕವನ್ನೂ ಬರೆಸಿಕೊಳ್ಳಿ. ಮರಳಿ ತಂದ ದಿನ, ಎಷ್ಟೇ ರಾತ್ರಿಯಾಗಿದ್ದರೂ, ಗಜ ಹಾಯಿಸಿ ಬಿಳಿಬಟ್ಟೆಯ ಬಣ್ಣ ನೋಡಿ ಮಲಗಿ. ನಮ್ಮ ಆ ಸದಸ್ಯರ ಕೋವಿ ಈಗ ಈ ಕ್ರಮದಲ್ಲಿದೆ. ಕುಳಿ ಬಿದ್ದ ನಳಿಗೆಯನ್ನು ಲೈಸೆನ್ಸುಳ್ಳ ರಿಪೇರಿಯವರಿಗೆ ತೋರಿಸಿ, ಸಾಗೀತು ಎಂದ ಮೇಲೆಯೇ ಮನೆಗೆ ತಂದಿದ್ದಾರೆ; ನವರಾತ್ರಿಯ ಆಯುಧಪೂಜೆಗೆ ಗ್ರೀಸು ಒರೆಸಿ, ಕುಂಕುಮವನ್ನು ಮರಕ್ಕೆ ಮಾತ್ರ ಇಟ್ಟು, ಉಕ್ಕಿಗೆ ನೀರು ತಾಗದಂತೆ ನೋಡಿಕೊಳ್ಳುತ್ತಾರೆ.